ಹಣ್ಣಿನ ಚೀಲಕ್ಕಿಂತ ಹೆಗಲು ಮೇಲು



ಆಸ್ಪತ್ರೆಯಿಂದ ಮನೆಗೆ ಬಂದವರನ್ನು ನೋಡಿಕೊಂಡು ಬರುವುದು ನಮ್ಮಲ್ಲಿ ಹಿಂದಿನಿಂದ ಬಂದ ವಾಡಿಕೆ. ದಾರಿಯಲ್ಲಿ ಒಂದು ಕಿಲೋ ಸೇಬು, ಅರ್ಧ ಡಜನ್ ಮೋಸಂಬಿ ಕಟ್ಟಿಸಿಕೊಂಡು ಹೋಗುತ್ತಾರೆ. ಹಾಸಿಗೆಯ ಪಕ್ಕ ಕೂತು 'ಹೇಗಾಯ್ತು, ಯಾವಾಗಾಯ್ತು' ಅಂತ ಕಥೆಯನ್ನು ಮೊದಲಿಂದ ಹೇಳಿಸುತ್ತಾರೆ. ತಮಗೆ ಗೊತ್ತಿರುವ ಇನ್ನಿಬ್ಬರು ರೋಗಿಗಳ ಕಥೆಯನ್ನೂ ಸೇರಿಸುತ್ತಾರೆ. ಮನೆಯಾಕೆ ಕೊಟ್ಟ ಕಾಫಿ ಕುಡಿದು, 'ಏನಾದರೂ ಬೇಕಾದರೆ ಸಂಕೋಚ ಬೇಡ, ಹೇಳಿ' ಅಂತ ಎದ್ದು ಬರುತ್ತಾರೆ. ಆ ಲೋಟಗಳನ್ನು ತೊಳೆಯುವವರು ಯಾರು, ಆ ಮನೆಗೆ ನಿಜವಾಗಿ ಬೇಕಾದ್ದು ಏನು ಅಂತ ಕೇಳುವವರು ಕಡಿಮೆ.

ಹೃದಯದ ಶಸ್ತ್ರಚಿಕಿತ್ಸೆಯಾದ ಮನೆಗೆ ಏನು ಬೇಕು ಅನ್ನುವುದನ್ನು ನಾನು ಕಳೆದ ವರ್ಷ ನಮ್ಮ ಚಿಕ್ಕಬಾಣಾವರದಲ್ಲೇ, ನಮ್ಮ ಹಿಂದಿನ ಬೀದಿಯ ಒಂದು ಮನೆಯಲ್ಲಿ ಕಣ್ಣಾರೆ ಕಂಡೆ. ನಮ್ಮೂರು ಗೊತ್ತಲ್ಲ, ಬೆಂಗಳೂರಿನ ಅಂಚು. ಸ್ಟೇಷನ್ನಿನಿಂದ ಮುಂದಕ್ಕೆ ಒಂದು ಹಳಿ ತುಮಕೂರಿಗೆ, ಇನ್ನೊಂದು ಹಾಸನಕ್ಕೆ ಕವಲೊಡೆಯುತ್ತದೆ. ಪೀಣ್ಯದ ಕಾರ್ಖಾನೆಗಳಲ್ಲಿ ದುಡಿದು ನಿವೃತ್ತರಾದವರು ಇಲ್ಲಿ ಬಹಳ. ಆ ಮನೆಯ ಯಜಮಾನರೂ ಅಂಥವರೇ. ಅವರಿಗೆ ಒಂದೇ ಒಂದು ಹುಚ್ಚು, ಹಳೇ ಕಾರಿನದು. ಅಂಗಳದ ತಗಡಿನ ಶೆಡ್ಡಿನಲ್ಲಿ 1972ರ ಒಂದು ಅಂಬಾಸಡರ್ ನಿಂತಿದೆ. ಅಂಬಾಸಡರ್ ತಯಾರಿಕೆ 2014ರಲ್ಲೇ ನಿಂತುಹೋಯಿತು. ಅದರ ಬಿಡಿಭಾಗ ಹುಡುಕಿಕೊಂಡು ಇವರು ಊರೂರು ತಿರುಗುತ್ತಾರೆ. ಧರ್ಮಸ್ಥಳಕ್ಕೆ ಹೋದಾಗ ಮಂಜೂಷಾ ಸಂಗ್ರಹಾಲಯದ ಹಳೇ ಕಾರುಗಳನ್ನು ನೀವೂ ನೋಡಿರಬಹುದು. ನಾವು ದೇವರ ದರ್ಶನ ಮುಗಿಸಿ ಅಲ್ಲಿಗೆ ಹೋಗುತ್ತೇವೆ. ಇವರಿಗೆ ಅಲ್ಲಿಂದ ಎಬ್ಬಿಸಿ ದೇವಸ್ಥಾನಕ್ಕೆ ಕರೆದುಕೊಂಡು ಹೋಗಬೇಕು ಅಂತ ಅವರ ಮನೆಯಾಕೆ ನಗುತ್ತಾರೆ.

ಕಳೆದ ಯುಗಾದಿ ಆದ ಮೇಲೆ ಮೆಟ್ಟಿಲು ಹತ್ತುವಾಗ ಇವರಿಗೆ ಎದೆ ಹಿಡಿದ ಹಾಗಾಯಿತು. ಆಂಜಿಯೋಗ್ರಾಂ ಮಾಡಿ ನೋಡಿದರೆ ಮೂರು ರಕ್ತನಾಳಗಳು ಕಟ್ಟಿಕೊಂಡಿದ್ದವು. ವೈದ್ಯರು ಬೈಪಾಸ್ ಆಗಲೇಬೇಕು ಅಂದರು.

ಬೈಪಾಸ್ ಅಂದರೆ ಹೃದಯವನ್ನೇ ಬದಲಾಯಿಸುವುದು ಅಂತ ಎಷ್ಟೋ ಮಂದಿ ತಿಳಿದಿದ್ದಾರೆ. ಹಾಗಲ್ಲ. ತೋಟಕ್ಕೆ ನೀರು ಹರಿಯುವ ಕಾಲುವೆಯಲ್ಲಿ ಹೂಳು ತುಂಬಿದರೆ ಪಕ್ಕದಲ್ಲಿ ಇನ್ನೊಂದು ಕಾಲುವೆ ತೋಡಿ ಮುಂದಕ್ಕೆ ಕೂಡಿಸುತ್ತೇವಲ್ಲ, ಅದೇ ಕೆಲಸ. ಎದೆಯ ಒಳಗಿನ ಒಂದು ರಕ್ತನಾಳವನ್ನೋ, ಕಾಲಿನಿಂದ ತೆಗೆದ ನಾಳವನ್ನೋ ಜೋಡಿಸಿ ಹೃದಯದ ಮಾಂಸಕ್ಕೆ ರಕ್ತ ಹೋಗಲು ಬದಲಿ ದಾರಿ ಮಾಡುತ್ತಾರೆ. ಕಾಲಿನ ನಾಳ ಬಳಸುವ ಈ ವಿಧಾನವನ್ನು 1967ರಲ್ಲಿ ಅಮೆರಿಕದ ಕ್ಲೀವ್‌ಲ್ಯಾಂಡ್ ಆಸ್ಪತ್ರೆಯಲ್ಲಿ ರೂಢಿಗೆ ತಂದವರು ಅರ್ಜೆಂಟೀನಾ ದೇಶದ ಡಾ. ಫವಲೋರೋ. ನಮ್ಮ ದೇಶದಲ್ಲಿ ಮೊದಲು ಇದನ್ನು ಮಾಡಿದವರು ಡಾ. ಕೆ. ಎಂ. ಚೆರಿಯನ್, 1975ರಲ್ಲಿ, ಮದ್ರಾಸಿನ ಪೆರಂಬೂರು ರೈಲ್ವೆ ಆಸ್ಪತ್ರೆಯಲ್ಲಿ. ಈಗ ಇದು ದೊಡ್ಡ ಊರುಗಳಲ್ಲಿ ದಿನನಿತ್ಯ ನಡೆಯುವ ಚಿಕಿತ್ಸೆ.

ಗೆಳೆಯರ ಸಹಾಯ ಇಲ್ಲಿಂದಲೇ ಶುರುವಾಯಿತು. ಶಸ್ತ್ರಚಿಕಿತ್ಸೆಗೆ ರಕ್ತ ಬೇಕು ಅಂದಾಗ ಹಳೇ ಕಾರಿನ ಗೆಳೆಯರು ಐದು ಮಂದಿ ಬೆಳಗ್ಗೆಯೇ ಹೋಗಿ ರಕ್ತ ಕೊಟ್ಟು ಬಂದರು. ಅವರಲ್ಲಿ ಒಬ್ಬರು ಪೀಣ್ಯದಲ್ಲಿ ಟಿಂಕರಿಂಗ್ ಮಾಡುವವರು, ಒಬ್ಬರು ಮೆಕ್ಯಾನಿಕ್, ಒಬ್ಬರು ಬ್ಯಾಂಕಿನವರು, ಇನ್ನಿಬ್ಬರು ಕಾಲೇಜು ಮುಗಿಸಿದ ಹುಡುಗರು. ಗೆಳತಿಯರೇ, ರಕ್ತ ಕೊಡುವುದು ಗಂಡಸರಿಗೆ ಮಾತ್ರ ಅಂದುಕೊಳ್ಳಬೇಡಿ. 18ರಿಂದ 65 ವರ್ಷದೊಳಗಿನ, 45 ಕಿಲೋಗೆ ಕಡಿಮೆಯಿಲ್ಲದ ತೂಕದ, ಹಿಮೋಗ್ಲೋಬಿನ್ 12.5 ಇರುವ ಆರೋಗ್ಯವಂತ ಹೆಂಗಸರೂ ಕೊಡಬಹುದು. ಒಂದು ಸಲ ಕೊಟ್ಟ ಮೇಲೆ ಹೆಂಗಸರು 120 ದಿನ, ಗಂಡಸರು 90 ದಿನ ಬಿಡಬೇಕು, ಅಷ್ಟೆ.

ಮನೆಗೆ ಬರುವ ದಿನ ಯಜಮಾನರಿಗೆ ತಮ್ಮ ಅಂಬಾಸಡರಿನಲ್ಲೇ ಬರುವ ಆಸೆ. ಮೆಕ್ಯಾನಿಕ್ ಗೆಳೆಯರು ಖಂಡಿತ ಬೇಡ ಅಂದುಬಿಟ್ಟರು. 'ಅಣ್ಣಾ, ಅದರಲ್ಲಿ ಸೀಟ್ ಬೆಲ್ಟ್ ಇಲ್ಲ. ಸಡನ್ನಾಗಿ ಬ್ರೇಕ್ ಹಾಕಿದರೆ ನಿಮ್ಮ ಎದೆ ಏನಾಗಬೇಕು?' ಅಂತ ಹೊಸ ಕಾರು ತಂದು, ಹಿಂದಿನ ಸೀಟಿನಲ್ಲಿ ಕೂರಿಸಿ, ಬೆಲ್ಟಿಗೂ ಎದೆಗೂ ನಡುವೆ ಮೆತ್ತನೆ ದಿಂಬು ಇಟ್ಟು ನಿಧಾನವಾಗಿ ಕರೆತಂದರು. ಪ್ರೀತಿ ಇರುವವರು ಬೇಡ ಅನ್ನಬೇಕಾದ ಕಡೆ ಬೇಡ ಅನ್ನಲೂಬೇಕು.

ಮನೆಗೆ ಬಂದ ಮೇಲಿನ ಪಥ್ಯ ಬರೀ ಊಟದ್ದಲ್ಲ, ಕೈಯದೂ ಹೌದು. ಎದೆಯ ನಡುಮೂಳೆಯನ್ನು ಸೀಳಿ ಆಮೇಲೆ ಉಕ್ಕಿನ ತಂತಿಯಿಂದ ಬಿಗಿದಿರುತ್ತಾರೆ. ಅದು ಕೂಡಿಕೊಳ್ಳಲು ಆರರಿಂದ ಎಂಟು ವಾರ ಬೇಕು. ಪೂರ್ತಿ ಗಟ್ಟಿಯಾಗಲು ಮೂರು ತಿಂಗಳು. ಅಲ್ಲಿಯವರೆಗೆ ನಾಲ್ಕೈದು ಕಿಲೋಗಿಂತ ಭಾರ ಎತ್ತಬಾರದು, ತಳ್ಳಬಾರದು, ಎಳೆಯಬಾರದು. ತುಂಬಿದ ಕೊಡ, ಗ್ಯಾಸ್ ಸಿಲಿಂಡರು, ಮೊಮ್ಮಗು ಯಾವುದೂ ಕೂಡದು. ಹಾಸಿಗೆಯಿಂದ ಏಳುವಾಗ ಕೈ ಊರಿ ದಬ್ಬಿಕೊಂಡು ಏಳಬಾರದು. ಮಗ್ಗುಲಾಗಿ, ಕಾಲು ಕೆಳಗೆ ಬಿಟ್ಟು ಏಳಬೇಕು. ಕೆಮ್ಮುವಾಗ, ಸೀನುವಾಗ ದಿಂಬನ್ನು ಎದೆಗೆ ಅಪ್ಪಿಕೊಳ್ಳಬೇಕು. ಉಸಿರು ಒಳಗೆಳೆದರೆ ಚೆಂಡು ಮೇಲೇಳುವ ಪ್ಲಾಸ್ಟಿಕ್ ಉಪಕರಣವೊಂದನ್ನು ಆಸ್ಪತ್ರೆಯಲ್ಲಿ ಕೊಟ್ಟಿರುತ್ತಾರೆ. ಅದನ್ನು ಮೂಲೆಗೆ ಹಾಕದೆ ಹೇಳಿದಷ್ಟು ಸಲ ಮಾಡಿಸಿ, ಶ್ವಾಸಕೋಶದಲ್ಲಿ ಕಫ ಕಟ್ಟುವುದಿಲ್ಲ.

ಈಗ ಹಳೇ ಕಾರಿನವರ ಕಷ್ಟ ಯೋಚಿಸಿ. ಹ್ಯಾಂಡಲ್ ಹಾಕಿ ತಿರುಗಿಸುವುದು, ಬಾನೆಟ್ ಎತ್ತುವುದು, ಬ್ಯಾಟರಿ ಇಳಿಸುವುದು, ಜಾಕ್ ಏರಿಸುವುದು, ಸ್ಟಾರ್ಟ್ ಆಗದಿದ್ದರೆ ತಳ್ಳುವುದು ಎಲ್ಲವೂ ಎದೆಯ ಮೂಳೆಗೆ ಶತ್ರುಗಳೇ. ಈಗಿನ ಕಾರಿನ ಸ್ಟೇರಿಂಗ್ ಬೆರಳಲ್ಲಿ ತಿರುಗುತ್ತದೆ, ಹಳೇ ಅಂಬಾಸಡರಿನದಕ್ಕೆ ಎರಡೂ ರಟ್ಟೆಯ ಬಲ ಬೇಕು. ಸಾಮಾನ್ಯವಾಗಿ ಕಾರು ಓಡಿಸಲು ಆರು ವಾರವಾದರೂ ಕಾಯಬೇಕು, ವೈದ್ಯರು ಸೈ ಅಂದ ಮೇಲೆಯೇ ಕೂರಬೇಕು. ಇವರಿಗೆ ಮೂರು ತಿಂಗಳು ಆ ಸ್ಟೇರಿಂಗ್ ಮುಟ್ಟಬೇಡಿ ಅಂತ ಅಪ್ಪಣೆಯಾಯಿತು.

ಮೊದಲ ವಾರ ನೆಂಟರ ಸಂತೆ. ಎರಡನೇ ವಾರ ಮನೆ ಬಿಕೋ ಅನ್ನಿಸಿತು. ಆಗ ಯಜಮಾನರು ಮಾತು ಬಿಟ್ಟರು. ಊಟ ಸೇರದು, ರಾತ್ರಿ ನಿದ್ದೆ ಬಾರದು, ಸಣ್ಣ ಮಾತಿಗೂ ಕಣ್ಣಲ್ಲಿ ನೀರು. 'ಕಲ್ಲಿನ ಹಾಗಿದ್ದ ಮನುಷ್ಯ ರೀ, ನನ್ನ ಮುಂದೆ ಮಗುವಿನ ಹಾಗೆ ಅತ್ತರು' ಅಂತ ಆಕೆ ನನ್ನ ಹತ್ತಿರ ಹೇಳಿಕೊಂಡರು. ಇದು ಹೆದರಬೇಕಾದ ವಿಷಯವಲ್ಲ, ಅಸಡ್ಡೆ ಮಾಡುವಂಥದ್ದೂ ಅಲ್ಲ. ಹೃದಯದ ಶಸ್ತ್ರಚಿಕಿತ್ಸೆಯಾದ ಬಹಳ ಮಂದಿಗೆ ಮೊದಲ ಕೆಲವು ವಾರ ಮನಸ್ಸು ಕುಗ್ಗುತ್ತದೆ. ಅದು ದೌರ್ಬಲ್ಯವಲ್ಲ, ದೇಹಕ್ಕೆ ಬಿದ್ದ ಪೆಟ್ಟಿನ ಒಂದು ಭಾಗ. ಎರಡು ವಾರ ಕಳೆದರೂ ಬಿಡದಿದ್ದರೆ, ಬದುಕೇ ಬೇಡ ಅನ್ನುವ ಮಾತು ಬಂದರೆ, ತಡ ಮಾಡದೆ ವೈದ್ಯರಿಗೆ ತಿಳಿಸಬೇಕು. ಮನಸ್ಸು ಕುಗ್ಗಿದವರು ಮಾತ್ರೆ ತಪ್ಪಿಸುತ್ತಾರೆ, ನಡೆಯುವುದಿಲ್ಲ. ಗುಣವಾಗುವುದೂ ಹಿಂದಾಗುತ್ತದೆ.

ಇದೇ ಹೊತ್ತಿನಲ್ಲಿ ಬಂಧುಗಳ ಬುದ್ಧಿವಾದ ಬೇರೆ. 'ಈ ಕಾರಿನ ಸಹವಾಸದಿಂದಲೇ ಎದೆನೋವು ಬಂದಿದ್ದು, ಮಾರಿ ಕೈತೊಳೆದುಕೊಳ್ಳಿ' ಅಂತ. ಹಳೇ ಕಬ್ಬಿಣದವನೊಬ್ಬ ಗೇಟಿನ ಹತ್ತಿರ ಬಂದು ಗುಜರಿ ಲೆಕ್ಕದಲ್ಲಿ ತೂಕಕ್ಕೆ ಇಷ್ಟು ಅಂತ ಹೇಳಿಯೂ ಹೋದ. ಆಸ್ಪತ್ರೆಯ ಖರ್ಚಿನಿಂದ ಕೈ ಬರಿದಾಗಿತ್ತು, ಆಕೆಯ ಮನಸ್ಸೂ ಓಲಾಡಿತು. ಇಲ್ಲಿ ಬ್ಯಾಂಕಿನ ಗೆಳೆಯರು ಒಂದು ಒಳ್ಳೆಯ ಮಾತು ಹೇಳಿದರು. 'ಅತ್ತಿಗೆ, ಮಾರಬೇಡಿ ಅನ್ನಲ್ಲ, ಇಟ್ಟುಕೊಳ್ಳಿ ಅಂತಾನೂ ಅನ್ನಲ್ಲ. ಮೂರು ತಿಂಗಳು ಏನೂ ತೀರ್ಮಾನ ಮಾಡಬೇಡಿ. ಆಮೇಲೆ ಅಣ್ಣನೇ ಹೇಳಲಿ.' ಕಾಯುವುದರಿಂದ ನಷ್ಟವೂ ಇರಲಿಲ್ಲ. 50 ವರ್ಷ ದಾಟಿದ, ಮೂಲ ರೂಪ ಕೆಡದ ವಾಹನಗಳಿಗೆ 2021ರಲ್ಲಿ ಕೇಂದ್ರ ಸರ್ಕಾರ ಪ್ರತ್ಯೇಕ ನೋಂದಣಿ ನಿಯಮ ತಂದಿದೆ. ಮೊದಲ ನೋಂದಣಿಗೆ 20,000 ರೂಪಾಯಿ, ಹತ್ತು ವರ್ಷದ ಅವಧಿ, ಆಮೇಲೆ ನವೀಕರಣಕ್ಕೆ 5,000. ಅಂಥ ಕಾರನ್ನು ದಿನನಿತ್ಯದ ಓಡಾಟಕ್ಕೆ ಬಳಸುವ ಹಾಗಿಲ್ಲ, ಪ್ರದರ್ಶನ, ರ‍್ಯಾಲಿಗಳಿಗೆ ಒಯ್ಯಬಹುದು. ನಿಮ್ಮ ಮನೆಯಲ್ಲೂ ಮಾವನವರ ಕಾಲದ ಕಾರು ಧೂಳು ತಿನ್ನುತ್ತಿದ್ದರೆ ಗುಜರಿಗೆ ಹಾಕುವ ಮೊದಲು ಇದನ್ನು ವಿಚಾರಿಸಿ.

ರೋಗಿ ಮಂಕಾಗಿರುವಾಗ ಅವರ ಪ್ರೀತಿಯ ವಸ್ತುವನ್ನು ಮನೆಯಿಂದ ಸಾಗಿಸುವುದು ಸರಿಯಲ್ಲ ಅನ್ನುವುದು ನನ್ನ ಅಭಿಪ್ರಾಯ. ಅದು ಕಾರೇ ಆಗಲಿ, ಹಾರ್ಮೋನಿಯಂ ಆಗಲಿ, ಹಸು ಆಗಲಿ. 'ನಿಮ್ಮ ಕಾಲ ಮುಗಿಯಿತು' ಅಂತ ಬಾಯಿಬಿಟ್ಟು ಹೇಳಿದ ಹಾಗೆಯೇ ಅದು.

ಗೆಳೆಯರು ಮಾಡಿದ್ದೇನು ಕೇಳಿ. ಓಡಿಸದೆ ನಿಂತ ಕಾರಿನ ಬ್ಯಾಟರಿ ಇಳಿಯುತ್ತದೆ, ಟೈರು ಒಂದೇ ಕಡೆ ಭಾರ ಬಿದ್ದು ಚಪ್ಪಟೆಯಾಗುತ್ತದೆ. ಆದ್ದರಿಂದ ಪ್ರತಿ ಭಾನುವಾರ ಬೆಳಗ್ಗೆ ಇಬ್ಬರು ಹುಡುಗರು ಬಂದು ಕಾರನ್ನು ಶೆಡ್ಡಿನಿಂದ ಬಯಲಿಗೆ ತಳ್ಳಿ ಸ್ಟಾರ್ಟ್ ಮಾಡುತ್ತಿದ್ದರು. ಮುಚ್ಚಿದ ಶೆಡ್ಡಿನಲ್ಲಿ ಇಂಜಿನ್ ಓಡಿಸುವುದು ಯಾರಿಗೂ ಒಳ್ಳೆಯದಲ್ಲ, ಆ ಹೊಗೆಯಲ್ಲಿ ವಾಸನೆಯೇ ಇಲ್ಲದ ವಿಷಾನಿಲ ಇರುತ್ತದೆ. ಯಜಮಾನರಿಗೆ ಹೊಗೆ ತಾಗದಷ್ಟು ದೂರದಲ್ಲಿ ಕುರ್ಚಿ. ಮೊದಲ ಭಾನುವಾರ ಸುಮ್ಮನೆ ಕೂತಿದ್ದರು. ಎರಡನೇ ಭಾನುವಾರ ಇಂಜಿನ್ ಶಬ್ದ ಕೇಳಿ ತಲೆಯೆತ್ತಿ, 'ಮೂರನೇ ಸಿಲಿಂಡರಿನ ಟ್ಯಾಪೆಟ್ ಸಡಿಲ ಆಗಿದೆ ಕಣ್ರೋ' ಅಂದರಂತೆ. ಹುಡುಗರು ಬಿಚ್ಚಿ ನೋಡಿದರೆ ಹೌದು! ಅಂದಿನಿಂದ ಕೈ ಹುಡುಗರದು, ಕಿವಿ ಇವರದು. ಅವರು ಕಲಿಯಬೇಕಾದ್ದು ಬೇಕಾದಷ್ಟಿತ್ತು, ಇವರಿಗೆ ಹೇಳಿಕೊಡಬೇಕಾದ್ದೂ ಇತ್ತು. ಅದೇ ಮಧ್ಯಾಹ್ನ ಒಂದು ಮುದ್ದೆ ಪೂರ್ತಿ ಉಂಡರು ಅಂತ ಆಕೆ ನಮ್ಮ ಮನೆಗೇ ಬಂದು ಹೇಳಿ ಹೋದರು.

ಉಳಿದ ಗೆಳೆಯರೂ ಕೆಲಸ ಹಂಚಿಕೊಂಡರು. ಟಿಂಕರಿಂಗ್‌ನವರು ದಿನಾ ಬೆಳಗ್ಗೆ ಜೊತೆಯಲ್ಲಿ ನಡೆಯುವುದು: ಮೊದಲು ಮನೆಯಂಗಳದಲ್ಲಿ ಐದು ನಿಮಿಷ, ಆಮೇಲೆ ಬೀದಿಯ ತುದಿಯವರೆಗೆ, ತಿಂಗಳು ತುಂಬುವಷ್ಟರಲ್ಲಿ ಅರ್ಧ ಗಂಟೆ. ನಡೆಯುವಾಗ ಮಾತಾಡಲು ಉಸಿರು ಸಾಕಾಗುತ್ತಿದ್ದರೆ ವೇಗ ಸರಿ ಇದೆ ಅಂತ ಲೆಕ್ಕ. ಬ್ಯಾಂಕಿನವರು ಬಿಲ್ಲು, ವಿಮೆಯ ಕಾಗದ, ತಪಾಸಣೆಯ ದಿನ ಆಸ್ಪತ್ರೆಗೆ ಕರೆದೊಯ್ಯುವುದು. ಮೆಕ್ಯಾನಿಕ್‌ನ ಹೆಂಡತಿ ವಾರಕ್ಕೆ ಎರಡು ಮಧ್ಯಾಹ್ನ ಬಂದು ಕೂತು, ಮನೆಯಾಕೆಯನ್ನು ಮಲಗಲು ಕಳಿಸುವುದು. ಆಕೆ ತಮ್ಮ ಬಿ.ಪಿ. ಮಾತ್ರೆಯನ್ನೇ ನಾಲ್ಕು ದಿನದಿಂದ ಮರೆತಿದ್ದರೆಂದು ಕಂಡುಹಿಡಿದವರೂ ಇವರೇ. ಗಂಡನ ಮಾತ್ರೆಯ ಡಬ್ಬಿಯ ಪಕ್ಕದಲ್ಲೇ ಹೆಂಡತಿಯ ಡಬ್ಬಿಯನ್ನೂ ಇಟ್ಟರು.

ನೀವು ಇಂಥ ಮನೆಯ ಗೃಹಿಣಿಯಾಗಿದ್ದರೆ ಒಂದು ಕೆಲಸ ಮಾಡಿ. ಕ್ಯಾಲೆಂಡರಿನ ಹಿಂದೆ ಮನೆಯ ಬಾಕಿ ಕೆಲಸಗಳನ್ನೆಲ್ಲ ಬರೆಯಿರಿ. ಹಾಲು ತರುವುದು, ಕರೆಂಟ್ ಬಿಲ್ಲು, ಮಾತ್ರೆ ತರುವುದು, ಮಕ್ಕಳನ್ನು ಶಾಲೆಗೆ ಬಿಡುವುದು. 'ಏನಾದರೂ ಬೇಕಾ' ಅಂದವರಿಗೆ 'ಏನೂ ಬೇಡ' ಅನ್ನಬೇಡಿ. ಪಟ್ಟಿಯಿಂದ ಒಂದನ್ನು ಹೆಸರು ಹಿಡಿದು ಒಪ್ಪಿಸಿ. ಕೇಳುವುದರಿಂದ ನಮ್ಮ ಮಾನ ಹೋಗುವುದಿಲ್ಲ. ನಿಜವಾದ ಗೆಳೆಯರಿಗೆ ಏನು ಮಾಡಬೇಕೆಂದು ತಿಳಿಯದೆ ಕಸಿವಿಸಿ, ಅಷ್ಟೆ. ನೋಡಲು ಬರುವವರಿಗೆ ಸಂಜೆ ಒಂದು ಗಂಟೆ ಮಾತ್ರ ಅಂತ ಬಾಗಿಲಲ್ಲೇ ಚೀಟಿ ಅಂಟಿಸಿ. ನೆಗಡಿ, ಜ್ವರ ಇರುವವರು ಆಮೇಲೆ ಬರಲಿ.

ಈ ಕೆಲವು ಲಕ್ಷಣಗಳನ್ನು ಮಾತ್ರ ಯಾರ ಸಲಹೆಗೂ ಕಾಯದೆ ವೈದ್ಯರಿಗೆ ತಿಳಿಸಬೇಕು: ಜ್ವರ, ಗಾಯ ಕೆಂಪಗಾಗಿ ಕೀವು, ನೀರು ಸೋರುವುದು, ಎದೆಮೂಳೆ ಕಟಕಟ ಅಂದು ಅಲುಗಿದ ಹಾಗಾಗುವುದು, ಮಲಗಿದರೆ ಉಸಿರು ಕಟ್ಟುವುದು, ಕಾಲು ಊದಿ, ಒಂದೆರಡು ದಿನದಲ್ಲೇ ತೂಕ ಒಂದೂವರೆ ಕಿಲೋ ಏರುವುದು. ಇದಕ್ಕಾಗಿಯೇ ದಿನಾ ಬೆಳಗ್ಗೆ ತಿಂಡಿಗೆ ಮೊದಲು ತೂಕ ನೋಡಿ ಬರೆದಿಡಿ. ರಕ್ತ ಹೆಪ್ಪುಗಟ್ಟದ ಮಾತ್ರೆಯನ್ನು 'ಈಗ ಚೆನ್ನಾಗಿದ್ದಾರಲ್ಲ' ಅಂತ ನೀವಾಗಿ ನಿಲ್ಲಿಸಬೇಡಿ. ಹೃದಯದ ಕವಾಟ ಬದಲಿಸಿದವರು ರಕ್ತ ತೆಳು ಮಾಡುವ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ ಸೊಪ್ಪಿನ ಅಡಿಗೆ ಒಂದು ದಿನ ಹೆಚ್ಚು, ಒಂದು ದಿನ ಇಲ್ಲ ಅಂತಾಗದೆ ಒಂದೇ ಸಮ ಇರಲಿ.

ಹಠಾತ್ತನೆ ಎದೆ ಹಿಂಡಿದ ಹಾಗಾದರೆ, ನೋವು ಎಡಗೈಗೋ ದವಡೆಗೋ ಬೆನ್ನಿಗೋ ಹರಿದರೆ, ತಣ್ಣನೆ ಬೆವರಿದರೆ 108ಕ್ಕೆ ಫೋನ್ ಮಾಡಿ. ಗ್ಯಾಸ್ ಅಂತ ಓಮದ ನೀರು ಕುಡಿಸಿ ಕಾಯಬೇಡಿ. ನಮ್ಮ ಹೆಂಗಸರಲ್ಲಿ ಎಷ್ಟೋ ಸಲ ಎದೆನೋವು ಜೋರಾಗಿರದೆ ಬರೀ ಸುಸ್ತು, ವಾಕರಿಕೆ, ಬೆನ್ನುನೋವು ಅಂತಲೇ ಬರುತ್ತದೆ, ನಾವೇ ಅದನ್ನು ಕೆಲಸದ ಆಯಾಸ ಅಂದುಬಿಡುತ್ತೇವೆ. ತಾಲ್ಲೂಕು ಆಸ್ಪತ್ರೆಗಳಲ್ಲೇ ಇ.ಸಿ.ಜಿ. ತೆಗೆದು, ಜಯದೇವ ಹೃದ್ರೋಗ ಸಂಸ್ಥೆಯಂಥ ಕಡೆಯ ತಜ್ಞರ ಸಲಹೆ ಪಡೆದು, ಹೆಪ್ಪು ಕರಗಿಸುವ ದುಬಾರಿ ಚುಚ್ಚುಮದ್ದನ್ನು ಉಚಿತವಾಗಿ ಕೊಡುವ ಯೋಜನೆಯನ್ನು ರಾಜ್ಯ ಸರ್ಕಾರ 2023ರಲ್ಲಿ ಪುನೀತ್ ರಾಜ್‌ಕುಮಾರ್ ಹೆಸರಿನಲ್ಲಿ ಆರಂಭಿಸಿತು. ನಿಮ್ಮೂರಿನ ಆಸ್ಪತ್ರೆಯಲ್ಲಿ ಇದೆಯೇ ಅಂತ ಈಗಲೇ ವಿಚಾರಿಸಿಡಿ. ನೋವು ಬಂದ ರಾತ್ರಿ ವಿಚಾರಿಸಲು ಪುರುಸೊತ್ತಿರುವುದಿಲ್ಲ.

ಇನ್ನು ಊಟ. ದಿನಕ್ಕೆ ಒಬ್ಬರಿಗೆ ಉಪ್ಪು ಎಲ್ಲ ಸೇರಿ 5 ಗ್ರಾಂ ಒಳಗಿರಬೇಕು, ಅಂದರೆ ಒಂದು ಟೀ ಚಮಚಕ್ಕಿಂತ ಕಡಿಮೆ. ಉಪ್ಪಿನಕಾಯಿ, ಹಪ್ಪಳ, ಸಂಡಿಗೆ, ಬೇಕರಿ ತಿಂಡಿಗಳನ್ನು ಮನೆಯವರೆಲ್ಲರೂ ಸ್ವಲ್ಪ ಕಾಲ ಬಿಟ್ಟರೆ ರೋಗಿಗೂ ಬೇಸರವಾಗದು. ಸಪ್ಪೆ ಅನ್ನಿಸದ ಒಂದು ಸಾರು ಹೇಳುತ್ತೇನೆ, ಆ ಮನೆಗೆ ನಾನು ಮಾಡಿ ಕಳಿಸುತ್ತಿದ್ದುದು ಇದನ್ನೇ.

ಸೋರೆಕಾಯಿ ಮೆಣಸಿನ ಸಾರು (ನಾಲ್ಕು ಜನಕ್ಕೆ)

ಹೆಸರುಬೇಳೆ ಅರ್ಧ ಬಟ್ಟಲು, ಎಳೆ ಸೋರೆಕಾಯಿ ಹೋಳು ಒಂದು ಬಟ್ಟಲು, ಟೊಮೇಟೊ ಎರಡು, ಕಾಳುಮೆಣಸು ಮತ್ತು ಜೀರಿಗೆ ಅರ್ಧರ್ಧ ಚಮಚ, ಬೆಳ್ಳುಳ್ಳಿ ನಾಲ್ಕು ಎಸಳು, ಶುಂಠಿ ಚೂರು, ಅರಿಸಿನ ಚಿಟಿಕೆ, ಕರಿಬೇವು, ಕೊತ್ತಂಬರಿ ಸೊಪ್ಪು, ಅರ್ಧ ನಿಂಬೆಹಣ್ಣು, ಎಣ್ಣೆ ಒಂದು ಟೀ ಚಮಚ, ಸಾಸಿವೆ, ಉಪ್ಪು ಕಾಲು ಟೀ ಚಮಚ.

ಮೊದಲು ಸೋರೆಕಾಯಿಯ ಚೂರೊಂದನ್ನು ನಾಲಗೆಗೆ ಇಟ್ಟು ನೋಡಿ. ಕಹಿಯಿದ್ದರೆ ಪೂರ್ತಿ ಎಸೆಯಿರಿ, ಕಹಿ ಸೋರೆ ವಿಷ. ಬೇಳೆ, ಸೋರೆಕಾಯಿ, ಟೊಮೇಟೊ, ಅರಿಸಿನ ಸೇರಿಸಿ ಮೆತ್ತಗೆ ಬೇಯಿಸಿ. ಮೆಣಸು, ಜೀರಿಗೆಯನ್ನು ಬರೀ ಬಾಣಲೆಯಲ್ಲಿ ಬೆಚ್ಚಗೆ ಮಾಡಿ, ಬೆಳ್ಳುಳ್ಳಿ, ಶುಂಠಿಯ ಜೊತೆ ಕುಟ್ಟಿ ಹಾಕಿ, ಎರಡು ಬಟ್ಟಲು ನೀರು ಬೆರೆಸಿ ಒಂದು ಕುದಿ ಬರಿಸಿ. ಒಗ್ಗರಣೆ ಕೊಟ್ಟು ಕೆಳಗಿಳಿಸಿದ ಮೇಲೆ ಉಪ್ಪು, ನಿಂಬೆರಸ, ಕೊತ್ತಂಬರಿ ಹಾಕಿ. ಉಪ್ಪು ಕೊನೆಗೆ ಹಾಕಿದರೆ ಕಡಿಮೆಯಲ್ಲೇ ರುಚಿ ಎದ್ದು ಬರುತ್ತದೆ, ಹುಳಿಯೂ ಮೆಣಸಿನ ಘಾಟೂ ಉಪ್ಪಿನ ಕೊರತೆಯನ್ನು ಮರೆಸುತ್ತವೆ. ಮುದ್ದೆಗೂ ಸೈ, ಅನ್ನಕ್ಕೂ ಸೈ.

ಕಾರಿನ ವಿಷಯ ಏನಾಯಿತು ಅಂತ ಕೇಳುವಿರಿ. ಮೂರು ತಿಂಗಳಾದ ಮೇಲೆ ಆ ಮಾತನ್ನು ಮನೆಯಲ್ಲಿ ಯಾರೂ ಎತ್ತಲೇ ಇಲ್ಲ. ಆಪತ್ತಿಗಾದವನೇ ನೆಂಟ ಅಂತ ಹಿರಿಯರು ಹೇಳಿದ್ದು ಸುಮ್ಮನೆ ಅಲ್ಲ. ನಿಮ್ಮ ಬೀದಿಯಲ್ಲೂ ಯಾರಾದರೂ ಆಸ್ಪತ್ರೆಯಿಂದ ಬಂದಿದ್ದರೆ ಹಣ್ಣಿನ ಅಂಗಡಿಯ ಮುಂದೆ ನಿಲ್ಲುವ ಮೊದಲು ಆ ಮನೆಯಾಕೆಗೆ ಒಂದು ಫೋನ್ ಮಾಡಿ, 'ಅಕ್ಕಾ, ನಾಳೆ ಮಧ್ಯಾಹ್ನದ ಸಾರು ನಮ್ಮ ಮನೆಯಿಂದ ಬರುತ್ತೆ, ನೀವು ಅನ್ನ ಒಂದು ಇಡಿ' ಅಂತ ಹೇಳಿ. ಸಾರಿನ ಜೊತೆ ಖಾಲಿ ಪಾತ್ರೆಯನ್ನು ವಾಪಸು ತರುವ ಜವಾಬ್ದಾರಿಯೂ ನಿಮ್ಮದೇ ಇರಲಿ.